ಹನ್ನೆರಡೂವರೆಯ ಇಡ್ಲಿ

ನನ್ನ ಗಂಡನಿಗೆ ದಿನಕ್ಕೆ ಎರಡು ನಿದ್ದೆ. ಒಂದು ಎಲ್ಲರಿಗೂ ಇರುವ ರಾತ್ರಿಯದು, ಅದೂ ಅರ್ಧಂಬರ್ಧ. ಇನ್ನೊಂದು ಮಧ್ಯಾಹ್ನ ಒಂದರಿಂದ ಮೂರರವರೆಗಿನದು. ಹೋಟೆಲಿನ ಅಡುಗೆಯವರ ಮನೆಯಲ್ಲಿ ಬಾಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಮಿಕ್ಕವರಿಗೆ ಹೇಳಬೇಕು. ಬೆಳಿಗ್ಗೆ ನಾಲ್ಕಕ್ಕೆ ಮನೆ ಬಿಡುತ್ತಿದ್ದರು. ಐದೂವರೆಗೆ ಮೊದಲ ಇಡ್ಲಿ ತಟ್ಟೆ ಇಳಿಯಬೇಕು. ಹನ್ನೆರಡರೊಳಗೆ ಊಟದ ಸಾಂಬಾರು, ಸಾರು, ಪಲ್ಯ ಮುಗಿಸಿ ಒಲೆಯನ್ನು ಎರಡನೆಯ ಅಡುಗೆಯವರ ಕೈಗೆ ಕೊಟ್ಟು ಮನೆಗೆ ಬರುತ್ತಿದ್ದರು. ಮೂರೂವರೆಗೆ ಸಂಜೆಯ ತಿಂಡಿಗೆ ಮತ್ತೆ ಹಾಜರು. ಬಿಡುಗಡೆ ರಾತ್ರಿ ಹತ್ತಕ್ಕೆ. ಇಪ್ಪತ್ತಾರು ವರ್ಷ ನಮ್ಮ ಸಂಸಾರ ನಿಂತದ್ದು ನಡುವಿನ ಆ ಎರಡು ಗಂಟೆಯ ನಿದ್ದೆಯ ಮೇಲೆ.

ಅದನ್ನು ಕಾಯುವುದು ನನ್ನ ಕೆಲಸ. ಯಾರೂ ವಹಿಸಿದ್ದಲ್ಲ, ಮೈಲಾಪೂರಿನ ಈ ಮೂರನೇ ಮಹಡಿಯ ಮನೆಗೆ ಮದುವೆಯಾಗಿ ಬಂದ ವಾರದಲ್ಲೇ ತಾನಾಗಿ ನನ್ನ ಪಾಲಿಗೆ ಬಂತು. ಕುಕ್ಕರ್ ಹನ್ನೆರಡರೊಳಗೆ ಕೂಗಿ ಮುಗಿಸಬೇಕು. ಒಂದಾದ ಮೇಲೆ ಮಿಕ್ಸಿ ಮುಟ್ಟುವಂತಿಲ್ಲ. ಕಾಲಿಂಗ್ ಬೆಲ್ಲಿನ ತಂತಿಯನ್ನು ನಾನೇ ಕಿತ್ತು ಹಾಕಿದೆ. ಗ್ಯಾಸ್ ತರುವವರಿಗೂ ಗೊತ್ತು, ಬಾಗಿಲಿಗೆ ಬೆರಳಲ್ಲಿ ಎರಡು ಸಲ ತಟ್ಟುತ್ತಾರೆ. ಮಗಳು ಪಿಸುಮಾತಿನಲ್ಲೇ ಬೆಳೆದಳು. ಶಾಲೆಯಲ್ಲಿ ಟೀಚರು ಒಮ್ಮೆ ಕರೆಸಿ, ಈ ಹುಡುಗಿ ಯಾಕೆ ಇಷ್ಟು ಮೆಲ್ಲಗೆ ಮಾತಾಡುತ್ತಾಳೆ, ಮನೆಯಲ್ಲಿ ಏನಾದರೂ ತೊಂದರೆಯೇ ಎಂದು ಕೇಳಿದ್ದರು. ಅವಳಪ್ಪ ಮಧ್ಯಾಹ್ನ ಮಲಗುತ್ತಾರೆ ಎಂದರೆ ಅವರಿಗೆ ಅರ್ಥವಾಗಲಿಲ್ಲ.

ಆ ನಿದ್ದೆ ಯಾಕೆ ಅಷ್ಟು ಮುಖ್ಯ ಎಂಬುದನ್ನೂ ಹೇಳಿಬಿಡುತ್ತೇನೆ. ನಮ್ಮ ಕರಾವಳಿ ಕಡೆಯ ಅಡುಗೆಯವರು ಒಲೆಯ ಮುಂದೆ ನಿಂತು ರುಚಿ ನೋಡುವುದಿಲ್ಲ, ನೋಡಿದರೆ ಎಂಜಲು. ಮುನ್ನೂರು ಜನರ ಸಾಂಬಾರಿಗೆ ಉಪ್ಪು ಕೈಯಳತೆ, ಹುಳಿ ಕಣ್ಣಳತೆ. ಬೆಂದದ್ದು, ಬೇಯದ್ದು, ಇಂಗು ಕಡಿಮೆಯಾದದ್ದು ಎಲ್ಲವೂ ವಾಸನೆಯಲ್ಲಿ ಗೊತ್ತಾಗಬೇಕು. ಈಗಿನ ಬೇರೆ ಹೋಟೆಲುಗಳಲ್ಲಿ ತೂಕ ಮಾಡಿ ಪೊಟ್ಟಣ ಕಟ್ಟಿ ಇಟ್ಟಿರುತ್ತಾರಂತೆ. ಇವರದ್ದು ಹಳೆಯ ಹೋಟೆಲು, ಧಣಿಗಳೂ ನಮ್ಮ ಊರ ಕಡೆಯವರೇ, ಅಲ್ಲಿ ಇನ್ನೂ ಕೈಯದ್ದೇ ಕಾರುಬಾರು. ನಿದ್ದೆಗೆಟ್ಟವರ ಕೈಗೆ ಅಳತೆ ಸಿಗುವುದಿಲ್ಲ. ನಾಲಿಗೆಯಲ್ಲಿ ನೋಡಿ ಸರಿಮಾಡಿಕೊಳ್ಳೋಣವೆಂದರೆ ಅದಕ್ಕೆ ದಾರಿಯಿಲ್ಲ. ಇವರು ಆ ಒಲೆಯ ಮುಂದೆ ನಿಲ್ಲಬೇಕಿದ್ದರೆ ಮಧ್ಯಾಹ್ನ ಮಲಗಲೇಬೇಕಿತ್ತು.

ಹೀಗಿರುವಾಗ ಎದುರು ಮನೆಗೆ ಗಂಡ ಹೆಂಡತಿ ಇಬ್ಬರು ಬಂದರು, ಎರಡು ನಾಯಿ ಕರೆದುಕೊಂಡು. ಒಂದು ಕರಿಯದು, ನನ್ನ ಸೊಂಟಕ್ಕೆ ಬರುವಷ್ಟು ಎತ್ತರ. ಇನ್ನೊಂದು ಬಿಳಿಯದು, ಮೊಣಕಾಲಿಗೂ ಬಾರದು. ಗಂಟಲು ಮಾತ್ರ ಬಿಳಿಯದ್ದೇ ಜೋರು. ಇಬ್ಬರಿಗೂ ಕಂಪ್ಯೂಟರಿನ ಕೆಲಸ, ಒಂಬತ್ತಕ್ಕೆ ಹೊರಟರೆ ಬರುವುದು ಏಳಕ್ಕೆ. ನಮ್ಮ ಕಟ್ಟಡ ಹಳೆಯದು, ಪ್ರತಿ ಮನೆಗೂ ಬಾಗಿಲ ಮುಂದೆ ಕಬ್ಬಿಣದ ಕಂಬಿ ಹಾಕಿದ ಚಿಕ್ಕ ಜಗಲಿ. ನಾಯಿಗಳನ್ನು ಆ ಜಗಲಿಯಲ್ಲಿ ಬಿಟ್ಟು, ನೀರಿನ ಬಟ್ಟಲಿಟ್ಟು, ಕಂಬಿಗೆ ಬೀಗ ಹಾಕಿ ಹೋಗುತ್ತಿದ್ದರು. ಅವರ ಕಂಬಿಗೂ ನಮ್ಮ ಬಾಗಿಲಿಗೂ ನಡುವೆ ನಾಲ್ಕು ಹೆಜ್ಜೆ.

ಮೆಟ್ಟಿಲಲ್ಲಿ ಯಾರು ಹತ್ತಿದರೂ ಬೊಗಳುತ್ತವೆ. ಇಳಿದರೂ ಬೊಗಳುತ್ತವೆ. ಯಾರೂ ಹತ್ತದೆ ಇಳಿಯದೆ ಇದ್ದರೆ ಯಾಕೆ ಯಾರೂ ಬರಲಿಲ್ಲ ಎಂದು ಬೊಗಳುತ್ತವೆ. ಕರಿಯದು ಎರಡು ಕಾಲಲ್ಲಿ ಎದ್ದು ಕಂಬಿಗೆ ಮೈ ಬಡಿಯುತ್ತದೆ, ಆ ಕಂಬಿಯ ಸದ್ದಿಗೆ ಬಿಳಿಯದು ಇನ್ನಷ್ಟು ಕಿರುಚುತ್ತದೆ. ನಮ್ಮ ಬೀದಿಯ ಕೊನೆಯಲ್ಲಿ ಮೆಟ್ರೋದವರು ವರ್ಷಗಟ್ಟಲೆಯಿಂದ ನೆಲ ಕೊರೆಯುತ್ತಿದ್ದಾರೆ. ಕಪಾಟಿನ ಲೋಟಗಳು ನಡುಗುತ್ತವೆ, ಆದರೆ ಇವರು ಅದಕ್ಕೆ ಎಚ್ಚರಾದವರಲ್ಲ. ನಾಯಿಗೆ ಎಚ್ಚರಾದರು. ಅದೆಂಥ ನಿದ್ದೆ ನಿಮ್ಮದು, ಮಿಷನ್ನಿಗೆ ಏಳದವರು ನಾಯಿಗೆ ಏಳುತ್ತೀರಲ್ಲ ಎಂದು ಕೇಳಿದೆ.

"ಮಿಷನ್ ತನ್ನಷ್ಟಕ್ ತಾನ್ ಕೊರಿತ್ತ್. ಇದ್ ಹಾಂಗಲ್ಲ, ಯಾರನ್ನೋ ಕರ್ದಾಂಗ್ ಇತ್ತ್" ಎಂದರು. ಎದ್ದು ಗೋಡೆಗೆ ಒರಗಿ ಮೂರು ಗಂಟೆಯವರೆಗೂ ಕೂತೇ ಇದ್ದರು.

ಮೊದಲ ತಿಂಗಳು ನಾನು ಸಭ್ಯಳಾಗಿದ್ದೆ. ಒಂದು ಸಂಜೆ ಆ ಹೆಂಗಸು ಬೀಗ ತೆಗೆಯುವ ಹೊತ್ತಿಗೆ ಹೋಗಿ, ಮಧ್ಯಾಹ್ನ ಇವರಿಗೆ ನಿದ್ದೆಯಿಲ್ಲ, ನಾಯಿಗಳನ್ನು ಒಳಗಿನ ಕೋಣೆಯಲ್ಲಿ ಬಿಡಬಹುದೇ ಎಂದು ಕೇಳಿದೆ. ಅವಳು ಒಳ್ಳೆಯ ಹುಡುಗಿಯೇ, ನನ್ನ ಮಗಳಿಗಿಂತ ಐದಾರು ವರ್ಷ ದೊಡ್ಡವಳಿರಬಹುದು. "ಸಾರಿ ಆಂಟಿ, ಉಳ್ಳೆ ವಿಟ್ಟಾ ಸೋಫಾ ಎಲ್ಲಾಂ ಕಡಿಚ್ಚಿಡುವಾಂಗ" ಎಂದಳು. ಒಳಗೆ ಬಿಟ್ಟರೆ ಸೋಫಾ ಕಚ್ಚಿ ಹಾಕುತ್ತವಂತೆ. ಸೋಫಾ ಹೋದರೆ ಇನ್ನೊಂದು ತರಬಹುದು ಎಂದು ನಾಲಿಗೆಯ ತುದಿಗೆ ಬಂತು. ನನ್ನ ತಮಿಳಿನ ಕಷ್ಟ ಅಲ್ಲೇ. ಕೊತ್ತಂಬರಿ ಕಟ್ಟಿಗೆ ಚೌಕಾಸಿ ಮಾಡುತ್ತೇನೆ, ಆಟೋದವರ ಜೊತೆ ಹರಟುತ್ತೇನೆ, ಪಕ್ಕದ ಮನೆಯ ಮುದುಕಿಯ ಮೊಣಕಾಲು ನೋವಿನ ಕತೆಯನ್ನು ಒಂದು ತಾಸು ಕೇಳಿ ನಡುನಡುವೆ ಸರಿಯಾದ ಜಾಗದಲ್ಲಿ ಅಯ್ಯೋ ಎನ್ನುತ್ತೇನೆ. ಸಿಟ್ಟು ಬಂದ ಕೂಡಲೇ ತಮಿಳು ನನ್ನನ್ನು ಬಿಟ್ಟು ಹೋಗುತ್ತದೆ. ಬಾಯಿಗೆ ಬರುವುದು ಕನ್ನಡ, ಅದನ್ನು ಅಲ್ಲಿ ಯಾರಿಗೆ ಹೇಳಲಿ. ಸರಿಯಮ್ಮಾ ಎಂದು ಹೇಳಿ ಬಂದೆ.

ಒಂದು ಭಾನುವಾರ ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದೆ. ಅವರ ಕಂಬಿಯ ಬಾಗಿಲು ತೆರೆದಿತ್ತು. ಕರಿಯದು ನುಗ್ಗಿ ಬಂದು ನನ್ನ ಸೀರೆಯ ನೆರಿಗೆಗೇ ಬಾಯಿ ಹಾಕಿತು. ನಾನು ಎಳೆದೆ, ಅದೂ ಎಳೆಯಿತು. ನುಗ್ಗೆಕಾಯಿ, ಟೊಮೇಟೊ ಎಲ್ಲ ಮೆಟ್ಟಿಲಲ್ಲಿ ಉರುಳಿದವು. ಸೀರೆ ಮೊಣಕಾಲಿನವರೆಗೆ ಹರಿಯಿತು. ಅವಳು ಓಡಿ ಬಂದು ನಾಯಿಯ ಪಟ್ಟಿ ಹಿಡಿದು, "ಒಣ್ಣುಂ ಪಣ್ಣ ಮಾಟ್ಟಾನ್ ಆಂಟಿ, ವಿಳೆಯಾಡ್ರಾನ್" ಎಂದಳು. ಏನೂ ಮಾಡುವುದಿಲ್ಲ, ಆಟವಾಡುತ್ತಾನೆ. ಆಟ ಯಾರದ್ದು ಎಂದು ಕೇಳಬೇಕೆನಿಸಿತು, ಅದಕ್ಕೂ ತಮಿಳು ಒದಗಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಮಗಳಿಗೆ ಹೇಳಿದೆ. ಅವಳು ಅಡ್ಯಾರಿನ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ನಾನು ಕನ್ನಡದಲ್ಲಿ ಹೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುವುದು ಹುಟ್ಟಿದಂದಿನಿಂದ ಬಂದ ಅಭ್ಯಾಸ. "ಪ್ರೂಫ್ ವೇಣುಂ ಅಮ್ಮಾ. ವಿಡಿಯೋ ಎಡು, ಗ್ರೂಪ್‌ಲ ಪೋಡಲಾಂ" ಎಂದಳು. ಮರುದಿನ ಬಾಗಿಲ ಸಂದಿಯಿಂದ ಫೋನ್ ಹಿಡಿದು ಎರಡು ನಿಮಿಷ ತೆಗೆದೆ. ಅವಳು ಅದನ್ನು ಕಟ್ಟಡದ ವಾಟ್ಸಾಪ್ ಗ್ರೂಪಿಗೆ ಹಾಕಿದಳು. ಒಂದು ಗಂಟೆಯೊಳಗೆ ಹನ್ನೊಂದು ಜನ ಕೆಂಪು ಹೃದಯದ ಚಿತ್ರ ಹಾಕಿದರು. ಬಿಳಿಯದು ಎಷ್ಟು ಮುದ್ದಾಗಿದೆ, ಯಾವ ಜಾತಿ ಎಂದು ನೆಲಮಹಡಿಯವರು ಕೇಳಿದರು. ನನ್ನ ದೂರು ನಾಯಿಗಳಿಗೆ ಒಳ್ಳೆಯ ಪ್ರಚಾರ ಕೊಟ್ಟಿತು.

ಕೊನೆಗೆ ಕಟ್ಟಡದ ಸಂಘದ ಕಾರ್ಯದರ್ಶಿಯ ಹತ್ತಿರ ಹೋದೆ. ನಿವೃತ್ತರು, ಪೇಪರ್ ಓದುತ್ತಿದ್ದರು, ಕೂರಿಸಿ ಕಾಫಿ ಕೊಟ್ಟರು. ಎಲ್ಲ ಕೇಳಿ ಮೊದಲು ಕೇಳಿದ ಪ್ರಶ್ನೆ, "ನೀಂಗ ಎಂದ ಊರು?"

"ಮೈಲಾಪೂರ್" ಎಂದೆ.

"ಅದಿಲ್ಲಮ್ಮಾ, ಸೊಂದ ಊರು."

ಸ್ವಂತ ಊರು ಹೇಳಿದೆ. ಓಹೋ ಎಂದು ತಲೆಯಾಡಿಸಿ, ಇವರ ಹೋಟೆಲಿನ ಸಾಂಬಾರನ್ನು ಹೊಗಳಿದರು. ಆಮೇಲೆ ನಗುತ್ತ, "ಉಂಗ ಊರ್ಲ ನಾಯೇ ಇಲ್ಲಿಯಾ? ಕೊಂಜಂ ಅಡ್ಜಸ್ಟ್ ಪಣ್ಣಿಕೋಂಗ" ಎಂದರು. ನಿಮ್ಮ ಊರಲ್ಲಿ ನಾಯಿಯೇ ಇಲ್ಲವೇ, ಸ್ವಲ್ಪ ಹೊಂದಿಕೊಳ್ಳಿ. ನಾಯಿ ಸಾಕಬೇಡಿ ಎನ್ನಲು ಸಂಘಕ್ಕೆ ಅಧಿಕಾರವಿಲ್ಲವಂತೆ. ಅವರು ಕೆಟ್ಟದಾಗಿ ಹೇಳಲಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಆ ಕಟ್ಟಡದಲ್ಲಿ ಅವರಿಗಿಂತ ಎಂಟು ವರ್ಷ ಮೊದಲಿನಿಂದ ಇದ್ದವಳು ನಾನು. ನಾಯಿ ಬಂದು ಆರು ತಿಂಗಳಾಗಿರಲಿಲ್ಲ, ಅವುಗಳ ಊರು ಯಾವುದೆಂದು ಯಾರೂ ಕೇಳಿರಲಿಲ್ಲ.

ಅಷ್ಟರಲ್ಲಿ ಹೋಟೆಲಿನಲ್ಲಿ ಆಗಬಾರದ್ದು ಆಯಿತು. ಇವರು ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದರು. ಹಾಕಿದ್ದು ನೆನಪಿಲ್ಲದೆ ಇನ್ನೊಮ್ಮೆ ಮುಷ್ಟಿ ತುಂಬಿದ್ದಾರೆ. ಬಡಿಸಿದ ಮೇಲೆ ಗೊತ್ತಾಗಿ ಇಡೀ ಹಂಡೆ ಚೆಲ್ಲಬೇಕಾಯಿತು. ಧಣಿಗಳು ಬೈಯಲಿಲ್ಲ. ವಯಸ್ಸಾಯ್ತಲ್ಲ ಭಟ್ರೆ, ಒಲೆ ಬಿಟ್ಟು ಕೌಂಟರಿನ ಬದಿ ಕೂತ್ಕಂಬ್ರಿಯಾ ಎಂದು ಕೇಳಿದರಂತೆ. ಐವತ್ತೈದು ಒಂದು ವಯಸ್ಸೇ ಅಲ್ಲ ನಮ್ಮವರಲ್ಲಿ, ಎಪ್ಪತ್ತರವರೆಗೆ ಒಲೆ ಬಿಡದವರಿದ್ದಾರೆ. ಇವರು ನನಗೆ ಇದನ್ನು ಹೇಳಿದ್ದು ಚೊಂಬಿನ ನೀರು ಕುಡಿಯುತ್ತ, ಬೇರೆ ಯಾರದ್ದೋ ಸುದ್ದಿ ಹೇಳುವ ಹಾಗೆ. ಹೇಳಿ ಮಲಗಿದರು. ಎದುರು ಮನೆಯಲ್ಲಿ ಬೊಗಳಲು ಶುರುವಾಯಿತು.

ಇನ್ನು ನಾನು ಮಾಡಿದ್ದನ್ನು ಹೇಳಬೇಕು. ಅದನ್ನು ಹೋಟೆಲಿನವರ ಮನೆಯವಳಲ್ಲದೆ ಬೇರೆ ಯಾರೂ ಮಾಡುತ್ತಿರಲಿಲ್ಲ. ನಮ್ಮ ಜನಕ್ಕೆ ಏನೇ ಎದುರಾಗಲಿ, ಎಲೆ ಹಾಕಿ ಬಡಿಸಿದರೆ ಅರ್ಧ ಸರಿಹೋಯಿತು ಎಂಬ ಭ್ರಮೆ. ಬೀಗರು ಮುನಿಸಿಕೊಂಡರೂ ಅದೇ, ನೆಂಟರು ಜಗಳಕ್ಕೆ ಬಂದರೂ ಅದೇ. ಹೊಟ್ಟೆ ತುಂಬಿದರೆ ನಾಯಿಗೂ ನಿದ್ದೆ ಬರುತ್ತದೆ ಎಂದು ಎಣಿಸಿದೆ. ಹೋಟೆಲಿನಲ್ಲಿ ಬೆಳಗಿನ ಇಡ್ಲಿ ಆರಿದ ಮೇಲೆ ಗಿರಾಕಿಗೆ ಹಾಕುವಂತಿಲ್ಲ. ಉಳಿದದ್ದನ್ನು ಅಡುಗೆಯವರು ಬಾಳೆ ಎಲೆಯಲ್ಲಿ ಕಟ್ಟಿ ಮನೆಗೆ ಒಯ್ಯುವುದು ಮೊದಲಿನಿಂದಲೂ ಬಂದ ಕ್ರಮ. ನಾನು ಅದನ್ನು ಪುಡಿಮಾಡಿ ಸಂಜೆಗೆ ಉಪ್ಪಿಟ್ಟು ಒಗ್ಗರಿಸುತ್ತಿದ್ದೆ. ಆ ದಿನದಿಂದ ಒಗ್ಗರಿಸುವುದನ್ನು ಬಿಟ್ಟೆ.

ಹನ್ನೆರಡೂವರೆಗೆ ಇವರು ಬಂದು ಸ್ನಾನಕ್ಕೆ ಹೋದ ಕೂಡಲೇ ನಾಲ್ಕು ಇಡ್ಲಿ ಮೊಸರಲ್ಲಿ ಕಲಸಿ, ಬಟ್ಟಲು ಹಿಡಿದು ಹೊರಟೆ. ಮೊದಲ ದಿನ ಕೈ ಹತ್ತಿರ ಒಯ್ಯಲು ಧೈರ್ಯವಾಗದೆ ದೋಸೆ ಮಗುಚುವ ಸಟ್ಟುಗದಲ್ಲಿ ಕಂಬಿಯೊಳಗೆ ತಳ್ಳಿದೆ. ಕರಿಯದು ಸಟ್ಟುಗವನ್ನೂ ನೆಕ್ಕಿತು. "ತಿಂದ್ ಬಾಯ್ಮುಚ್ಚಿ ಮನಿಕಣಿ ಕಾಂಬ" ಎಂದೆ. ಮಲಗಿ ಎಂದದ್ದು ತಿಳಿದ ಹಾಗೆ ಎರಡೂ ತಿಂದು, ನೀರು ಕುಡಿದು, ಮೂಲೆಯಲ್ಲಿ ಬಿದ್ದುಕೊಂಡವು. ನಾನು ಒಳಗೆ ಬಂದು ಗಡಿಯಾರ ನೋಡುತ್ತ ಕೂತೆ. ಒಂದೂವರೆಯಾಯಿತು, ಎರಡಾಯಿತು. ಇವರು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಎಷ್ಟೋ ತಿಂಗಳ ಮೇಲೆ ಆ ಗೊರಕೆ ಕೇಳಿ ನನಗೆ ಕಣ್ಣಲ್ಲಿ ನೀರು ಬಂತು.

ಮೂರು ವಾರ ಹೀಗೆ ನಡೆಯಿತು. ಇವರ ಕಣ್ಣಿನ ಕೆಂಪು ಹೋಯಿತು. ಇವತ್ತು ಹುಳಿ ಕೈಗೆ ಸಿಕ್ಕಿತು ಎಂದು ಒಂದು ದಿನ ತಾವಾಗಿಯೇ ಹೇಳಿದರು. ಹಾಗೆ ಹೇಳುವವರಲ್ಲ ಅವರು. ಇಡ್ಲಿ ಎಲ್ಲಿ ಹೋಗುತ್ತದೆ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸಟ್ಟುಗ ಬಿಟ್ಟು ಕೈಯಲ್ಲೇ ಹಾಕುವಷ್ಟು ಸಲಿಗೆಯಾಯಿತು. ಆ ಹೊತ್ತಿಗೆ ಅವುಗಳ ಹತ್ತಿರ ಎರಡು ಮಾತು ಆಡುವುದೂ ಅಭ್ಯಾಸವಾಯಿತು. ಸೆಕೆಯ ಸುದ್ದಿ, ನಲ್ಲಿಯ ನೀರಿನ ಸುದ್ದಿ. ನನಗೇ ನನ್ನ ಜಾಣತನದ ಬಗ್ಗೆ ಸ್ವಲ್ಪ ಹೆಮ್ಮೆ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ನಾಲ್ಕನೆಯ ವಾರ ನಾಯಿಗಳಿಗೆ ಲೆಕ್ಕ ಹೊಳೆಯಿತು. ಇಡ್ಲಿ ಬರುವುದು ಈ ಮನುಷ್ಯ ಬಂದ ಮೇಲೆ. ಹಾಗಾದರೆ ಈ ಮನುಷ್ಯನೇ ಇಡ್ಲಿ. ಇವರು ಬೀದಿಯ ಗೇಟು ದಾಟುವುದೇ ತಡ, ಮೂರನೇ ಮಹಡಿಯಲ್ಲಿ ಕುಣಿತ ಶುರು. ಮೊದಲಿನದು ಸಿಟ್ಟಿನ ಬೊಗಳು, ಇದು ಸಂತೋಷದ್ದು, ಕೇಳುವವರ ಕಿವಿಗೆ ಇದೇ ಹೆಚ್ಚಿನ ಹಿಂಸೆ. ಹಾಕಿದ್ದನ್ನು ತಿಂದು ಮುಗಿಸಿದರೂ ನಿಲ್ಲುವುದಿಲ್ಲ, ಇವರು ಒಳಗೆ ಇರುವುದು ಅವಕ್ಕೆ ಗೊತ್ತು. ಇಂಗು, ಮೆಂತೆ, ಸುಟ್ಟ ಎಣ್ಣೆಯ ವಾಸನೆ ಬಾಗಿಲ ಕೆಳಗಿಂದ ಹೋಗುತ್ತಿತ್ತೋ ಏನೋ. ಮಲಗಿದಲ್ಲಿ ಇವರು ಮಗ್ಗುಲು ಬದಲಿಸಿದರೆ ಆಚೆ ಬಾಲ ಕಂಬಿಗೆ ಬಡಿಯುವುದು ಕೇಳುತ್ತಿತ್ತು. ಹನ್ನೆರಡೂವರೆಯಿಂದ ಮೂರರವರೆಗೆ, ಸರಿಯಾಗಿ ಇವರು ಮನೆಯಲ್ಲಿರುವಷ್ಟು ಹೊತ್ತು. ಹೊರಟುಹೋದರೆ ತೆಪ್ಪಗಾಗುತ್ತಿದ್ದವು.

ಇವರಿಗೆ ಕಾರಣ ತಿಳಿಯದು. ತನ್ನ ಚಪ್ಪಲಿ ಸದ್ದಿಗೆ ಏಳುತ್ತವೆ ಎಂದು ಎಣಿಸಿ, ಗೇಟಿನಲ್ಲೇ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಹತ್ತತೊಡಗಿದರು. ಒಂದು ಮಧ್ಯಾಹ್ನ ಬಾಗಿಲು ತೆರೆದಾಗ ನೋಡಿದೆ. ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಇಡ್ಲಿಯ ಪೊಟ್ಟಣ, ತುದಿಗಾಲಲ್ಲಿ ಮೂರನೇ ಮಹಡಿಯ ಕೊನೆಯ ಮೆಟ್ಟಿಲು. ಮೂವತ್ತೈದು ವರ್ಷ ಈ ಊರಿನ ಜನಕ್ಕೆ ಅನ್ನ ಬೇಯಿಸಿ ಹಾಕಿದವರು ಸ್ವಂತ ಮನೆಗೆ ಕಳ್ಳರ ಹಾಗೆ ಬರುತ್ತಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಇಡ್ಲಿ ಹಾಕುವುದನ್ನು ನಿಲ್ಲಿಸಿದೆ. ನಿಲ್ಲಿಸಿದ್ದಕ್ಕೆ ಕರಿಯದು ಕಂಬಿ ಕಚ್ಚತೊಡಗಿತು. ಒಸಡಿನಲ್ಲಿ ರಕ್ತ ಬಂತು. ಆ ಹುಡುಗಿ ಅದನ್ನು ಡಾಕ್ಟರಿಗೆ ತೋರಿಸಿ ಬಂದು, ಶನಿವಾರ ಬೆಳಿಗ್ಗೆ ನಮ್ಮ ಬಾಗಿಲು ತಟ್ಟಿದಳು. ಕೈಯಲ್ಲಿ ಫೋನು. ಜಗಲಿಯ ಮೂಲೆಯಲ್ಲಿ ಕ್ಯಾಮೆರಾ ಇಟ್ಟಿದ್ದರಂತೆ, ಆಫೀಸಿನಲ್ಲಿ ಕೂತು ನಾಯಿಗಳನ್ನು ನೋಡಲು. ಡಾಕ್ಟರು ಕೇಳಿದ ಮೇಲೆ ಹಳೆಯದನ್ನೆಲ್ಲ ಹುಡುಕಿದ್ದಾಳೆ, ಅದರಲ್ಲಿ ನಾನಿದ್ದೆ. ಕುಕ್ಕರುಗಾಲಲ್ಲಿ ಕೂತು, ಸೆರಗು ಸಿಕ್ಕಿಸಿಕೊಂಡು, ಬಟ್ಟಲಿನಿಂದ ತುತ್ತು ಮಾಡಿ ಹಾಕುತ್ತಿದ್ದೆ, ಬಾಯಿ ಆಡುತ್ತಲೇ ಇತ್ತು. ಬಿಳಿಯದಕ್ಕೆ ಉದ್ದು, ಮೊಸರು ಆಗುವುದಿಲ್ಲವಂತೆ, ಹೊಟ್ಟೆಯ ಅಡಿಯ ಚರ್ಮ ಕೆಂಪಾಗಿದೆಯಂತೆ. "ಪ್ಲೀಸ್ ಆಂಟಿ, ಎದುವುಂ ಕೊಡುಕ್ಕಾದೀಂಗ" ಎಂದಳು. ಏನೂ ಕೊಡಬೇಡಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ಸೀರೆ ಹರಿಸಿಕೊಂಡವಳು ನಾನು, ನಿದ್ದೆ ಕಳೆದುಕೊಂಡದ್ದು ನನ್ನ ಗಂಡ, ತಲೆ ತಗ್ಗಿಸಿ ನಿಂತವಳೂ ನಾನೇ. ಹೊರಡುವಾಗ ಅವಳು ತಿರುಗಿ ಕೇಳಿದಳು, "ಅವಂಗ ಕಿಟ್ಟ ಎನ್ನ ಪೇಸ್ರೀಂಗ ಆಂಟಿ, ಡೈಲಿ?" ದಿನಾ ಅವುಗಳ ಹತ್ತಿರ ಏನು ಮಾತಾಡುತ್ತೀರಿ.

ಅವಳ ಮಾತು ಒಳಗೆ ಇವರಿಗೂ ಕೇಳಿಸಿತ್ತು. ಆ ದಿನ ಹೋಟೆಲಿನಲ್ಲಿ ಬೇರೆಯವರ ಪಾಳಿ, ಇವರಿಗೆ ರಜೆ. ಮಧ್ಯಾಹ್ನ ಇವರು ಚಾಪೆ ಹಾಸಿದಾಗ ನಾನೇ ಹೋಗಿ ಎಲ್ಲ ಹೇಳಿದೆ. ಬೈದಿದ್ದರೆ ಹಗುರವಾಗುತ್ತಿತ್ತು. ಚಾಪೆಯ ಅಂಚನ್ನು ಉಗುರಲ್ಲಿ ಕೆರೆಯುತ್ತ ಕೂತರು.

"ಅವಕ್ಕೆ ನಾನಂದ್ರೆ ಇಡ್ಲಿ ಅಂದೇಳಿ ಮಾಡ್ದೆ ನೀನ್" ಎಂದರು. ಎದುರು ಬಾಗಿಲ ಕಡೆ ತಿರುಗಿ, "ಹಗಲಿಡೀ ಬೀಗ ಹಾಕ್ಕಂಡ್ ಕೂಕಂಡಿಪ್ಪುದ್, ಪಾಪ ಅವಾದ್ರೂ ಎಂತ ಮಾಡುದ್" ಎಂದರು. ಆ ಕನಿಕರ ನನಗೆ ಬೈಗುಳಕ್ಕಿಂತ ಹೆಚ್ಚು ತಾಗಿತು. ನಿಮ್ಮ ಬಗ್ಗೆ ಯಾರಿಗೆ ಪಾಪ ಅನ್ನಿಸುತ್ತದೆ ಎಂದು ಕೂಗಿದೆ. ಇಪ್ಪತ್ತಾರು ವರ್ಷದಲ್ಲಿ ಮಧ್ಯಾಹ್ನದ ಹೊತ್ತು ಆ ಮನೆಯಲ್ಲಿ ನಾನು ದನಿ ಏರಿಸಿದ್ದು ಅದೇ ಮೊದಲು. ಎದುರಿಗೆ ಎರಡೂ ಗಪ್ಪಾದವು.

ಸೋಮವಾರದಿಂದ ಇವರು ಮಧ್ಯಾಹ್ನ ಮನೆಗೆ ಬರುವುದನ್ನು ಬಿಟ್ಟು ಹೋಟೆಲಿನ ಸಾಮಾನು ಕೋಣೆಯಲ್ಲಿ, ಅಕ್ಕಿ ಮೂಟೆಗಳ ಮೇಲೆ ಮಲಗಿ ನೋಡಿದರು. ಅಲ್ಲಿ ಸೆಕೆ, ಪಾತ್ರೆ ತೊಳೆಯುವ ಗದ್ದಲ. ಮಲಗಿದ್ದರು, ನಿದ್ದೆ ಮಾಡಲಿಲ್ಲ. ಇಡ್ಲಿ ಬೇಯಿಸುವ ದೊಡ್ಡ ಪೆಟ್ಟಿಗೆಯ ಬಾಗಿಲನ್ನು ಪಕ್ಕಕ್ಕೆ ನಿಂತು ತೆರೆಯಬೇಕು, ಹಬೆ ಮೊದಲು ಹೊರಗೆ ಹೋಗಲು ಬಿಡಬೇಕು. ಒಲೆಯ ಹತ್ತಿರ ಹೋಗುವ ಯಾರಿಗೂ ಮೊದಲ ದಿನ ಕಲಿಸುವುದು ಅದನ್ನೇ. ಇವರೇ ಎಷ್ಟೋ ಜನರಿಗೆ ಕಲಿಸಿದ್ದಾರೆ. ಹತ್ತನೆಯ ದಿನ ಸಂಜೆ ಎದುರಿಗೆ ನಿಂತು ತೆರೆದರು. ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಬೆಂದುಹೋಯಿತು. ಉಪ್ಪಿನ ಅಳತೆ ಇದ್ದದ್ದು ಆ ಕೈಯಲ್ಲೇ.

ಗಾಯ ಒಂದೂವರೆ ತಿಂಗಳಲ್ಲಿ ಮಾಗಿತು. ಬೆರಳು ಪೂರ್ತಿ ಮಡಿಸಲು ಬರುವುದಿಲ್ಲ, ಮುಷ್ಟಿ ಸಡಿಲ. ಧಣಿಗಳೇ ಮನೆಗೆ ಬಂದು ನೋಡಿದರು, ಹಣ್ಣು ತಂದರು, ಇನ್ನು ಕೌಂಟರಿನಲ್ಲಿ ಕೂತು ಟೋಕನ್ ಕೊಟ್ಟರೆ ಸಾಕು ಎಂದರು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರು, ಒಂದೇ ಪಾಳಿ. ಈಗ ಇವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎದುರು ಮನೆಯವರು ಹೊರಡುವ ಹೊತ್ತಿಗೇ ಹೊರಡುತ್ತಾರೆ. ಮೆಟ್ಟಿಲಲ್ಲಿ ಸಿಕ್ಕರೆ ಅವಳು ಗುಡ್ ಮಾರ್ನಿಂಗ್ ಅಂಕಲ್ ಎನ್ನುತ್ತಾಳೆ. ಎಲ್ಲರೂ ಒಳ್ಳೆಯದಾಯಿತು ಎನ್ನುತ್ತಾರೆ. ರಾತ್ರಿ ಬೇಕಾದಷ್ಟು ನಿದ್ದೆ ಮಾಡಬಹುದು, ಮಾಡುತ್ತಾರೆ ಕೂಡ. ಮಗಳು "ನಲ್ಲದುಕ್ಕುದಾನ್ ಅಮ್ಮಾ" ಎಂದಳು. ಒಳ್ಳೆಯದಕ್ಕೇ ಇರಬಹುದು.

ಮೊನ್ನೆ ಸಂಜೆ ಕಾಫಿ ಕುಡಿಯುವಾಗ ಇವರು, "ಇವತ್ತ್ ಸಾಂಬಾರಿಗೆ ಇಂಗ್ ಬಿದ್ದಿಲ್ಲೆ. ಕೌಂಟರಿಗೇ ವಾಸ್ನಿ ಗೊತ್ತಾಯ್ತ್" ಎಂದರು. ಹೇಳಬಹುದಿತ್ತಲ್ಲ ಎಂದೆ. "ನಂಗೆಂತಕ್ಕೆ. ಒಳ್ಗಿನ್ ಕೆಲ್ಸ ಈಗ ನಂದಲ್ಲ ಅಲ್ದಾ" ಎಂದು ಎಡಗೈಯಲ್ಲಿ ಲೋಟ ಇಟ್ಟು ಎದ್ದರು.

ನನ್ನ ಮಧ್ಯಾಹ್ನಗಳು ಹಾಗೇ ಇವೆ. ಕುಕ್ಕರ್ ಹನ್ನೆರಡರೊಳಗೇ ಕೂಗಿ ಮುಗಿಯುತ್ತದೆ. ಒಂದಾದ ಮೇಲೆ ಮಿಕ್ಸಿ ಮುಟ್ಟಲು ಕೈ ಬರುವುದಿಲ್ಲ. ಎದುರಿನವು ಹನ್ನೆರಡೂಕಾಲಿಗೆ ಎದ್ದು ಕಂಬಿಯ ಹತ್ತಿರ ಬಂದು ನಿಲ್ಲುತ್ತವೆ. ಮೆಟ್ಟಿಲ ತಿರುವನ್ನೇ ನೋಡುತ್ತವೆ. ಹನ್ನೆರಡೂವರೆಗೆ ಬೊಗಳಲು ಶುರುಮಾಡಿ, ಒಂದರವರೆಗೆ ಕರೆದು ಕರೆದು ಸಾಕಾಗಿ ಸುಮ್ಮನಾಗುತ್ತವೆ. ಹಾಳು ಮಾಡಿದಿರಿ, ಈಗ ಯಾರನ್ನು ಕರೆಯುತ್ತೀರಿ ಎಂದು ಮೊದಲ ಕೆಲವು ದಿನ ಒಳಗಿನಿಂದಲೇ ಶಪಿಸುತ್ತಿದ್ದೆ. ಅವುಗಳನ್ನು ಬೈಯುತ್ತಿದ್ದೆನೋ ನನ್ನನ್ನೋ, ಈಗ ಹೇಳಲಾರೆ. ಆಮೇಲೆ ಶಾಪ ಹಾಕುವುದಕ್ಕೂ ಬೇಜಾರಾಯಿತು.

ನಿನ್ನೆ ಬೊಗಳು ಶುರುವಾದಾಗ ನಾನು ಮಣೆಯೊಂದನ್ನು ತಂದು ನಮ್ಮ ಬಾಗಿಲ ಹೊರಗೆ ಹಾಕಿ ಕೂತೆ. ಕೈಯಲ್ಲಿ ಬಟ್ಟಲಿರಲಿಲ್ಲ. ಮೇಲೆ ಮೂಲೆಯಲ್ಲಿ ಕ್ಯಾಮೆರಾ ಇತ್ತು, ನೋಡಿದರೆ ನೋಡಲಿ. ಕರಿಯದು ನನ್ನ ಕೈ ನೋಡಿತು, ಆಮೇಲೆ ಮೆಟ್ಟಿಲು ನೋಡಿತು.

"ಅವ್ರ್ ಬಪ್ಪುದ್ ಈಗ ಸಂಜಿಗೆ" ಎಂದೆ. "ಮಧ್ಯಾಹ್ನ ಮನಿಕಂಬುಕ್ ಯಾರೂ ಇಲ್ಲೆ ಇಲ್ಲಿ. ನೀವ್ ಬೇಕಾದಷ್ಟ್ ಕೂಗಿ."

ಅವು ಕೂಗಲಿಲ್ಲ. ಬಿಳಿಯದು ಕಂಬಿಗೆ ಒರಗಿ ಮಲಗಿತು. ಕರಿಯದು ತಿರುವಿನ ಕಡೆ ಮುಖ ಮಾಡಿ ಕೂತಿತು. ಬೀದಿಯ ಕೊನೆಯಲ್ಲಿ ಮೆಟ್ರೋದವರು ಕೊರೆಯುತ್ತಿದ್ದರು. ಒಂದು ಗಂಟೆಯಾಗುವವರೆಗೆ ನಾವು ಮೂವರೂ ಮೆಟ್ಟಿಲು ನೋಡುತ್ತ ಕೂತಿದ್ದೆವು.